ಜೋಡಿ ಓಟ ನೋಡುವ ಬಗೆ

ಹುಲಿಗಿಯ ಸುತ್ತಲಿನ ರೈತರು ಒಂದೊಂದು ಎತ್ತನ್ನೇ ನೋಡಿ ಜೋಡಿಗೆ ಬೆಲೆ ಕಟ್ಟುವುದಿಲ್ಲ. ಎರಡನ್ನೂ ನೊಗಕ್ಕೆ ಹೂಡಿ ನಾಲ್ಕು ಹೆಜ್ಜೆ ನಡೆಸುತ್ತಾರೆ. ಒಂದು ಮುಂದಾದರೆ ನೊಗ ವಾರೆ, ಸಾಲು ಸೊಟ್ಟ. ಕಣ್ಣು ಕಾಣದವರ ಓಟ, ಸೈಕಲ್ ಸ್ಪರ್ಧೆಗಳನ್ನು ಸವಿಯಲು ಬೇಕಾದದ್ದೂ ಈ ರೈತನ ಕಣ್ಣೇ.

ಮೊದಲು ಹಗ್ಗ ನೋಡಿ. ಚಿಕ್ಕಮಗಳೂರಿನ ರಕ್ಷಿತಾ ರಾಜು ಕಣ್ಣು ಕಾಣದವರ ಟಿ11 ವರ್ಗದ 1500 ಮೀಟರ್ ಓಟದಲ್ಲಿ ಎರಡು ಏಷ್ಯನ್ ಪ್ಯಾರಾ ಗೇಮ್ಸ್ ಚಿನ್ನ ಗೆದ್ದವರು: 2018ರಲ್ಲಿ ಜಕಾರ್ತಾದಲ್ಲಿ, 2023ರಲ್ಲಿ ಹಾಂಗ್‌ಝೌನಲ್ಲಿ. ಈ ವರ್ಗದಲ್ಲಿ ಎಲ್ಲರೂ ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಪಕ್ಕದಲ್ಲಿ ಮಾರ್ಗದರ್ಶಿ ಓಡುತ್ತಾನೆ. ಹಗ್ಗದ ಒಂದು ತುದಿ ಓಟಗಾರ್ತಿಯ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ. ಅದು ಬಿಗಿಯಾಗಿ ಜಗ್ಗುತ್ತಿದ್ದರೆ ಜೋಡಿ ಕೂಡಿಲ್ಲ ಎಂದು ತಿಳಿಯಿರಿ. ಸಡಿಲವಾಗಿ ತೂಗಾಡುತ್ತಿದ್ದು, ನಾಲ್ಕು ಕಾಲು ಒಂದೇ ಲಯದಲ್ಲಿ ಬಿದ್ದರೆ ಅದು ವರ್ಷಗಟ್ಟಲೆಯ ಅಭ್ಯಾಸದ ಫಲ.

ಆಮೇಲೆ ಗೆರೆ ನೋಡಿ. ಮಾರ್ಗದರ್ಶಿ ಓಟಗಾರ್ತಿಯನ್ನು ಎಳೆಯುವಂತಿಲ್ಲ, ಅವಳಿಗಿಂತ ಮೊದಲು ಗೆರೆ ದಾಟುವಂತಿಲ್ಲ. ಹಗ್ಗ ಬಿಟ್ಟರೂ ತಪ್ಪೇ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಸ್ಪೇನಿನ ಎಲೆನಾ ಕಾಂಗೋಸ್ಟ್ ಮೂರನೆಯವರಾಗಿ ಬರುತ್ತಿದ್ದರು. ಗೆರೆಗೆ ಕೆಲವೇ ಮೀಟರ್ ಇರುವಾಗ ಮಾರ್ಗದರ್ಶಿಯ ಕಾಲು ಹಿಡಿದುಕೊಂಡಿತು. ಬೀಳುತ್ತಿದ್ದವನನ್ನು ಆತುಕೊಳ್ಳಲು ಅವರು ಕ್ಷಣಕಾಲ ಹಗ್ಗ ಬಿಟ್ಟರು. ಆ ತಪ್ಪಿಗಾಗಿ ಅಂದು ಕಂಚು ಜಪಾನಿನ ಓಟಗಾರ್ತಿಯ ಪಾಲಾಯಿತು.

ಸೈಕಲ್‌ನಲ್ಲಿ ಹಗ್ಗವಿಲ್ಲ, ಸರಪಳಿಯೇ ನೊಗ. ಎರಡು ಸೀಟಿನ ಟ್ಯಾಂಡಮ್‌ನಲ್ಲಿ ಮುಂದೆ ಕಣ್ಣು ಕಾಣುವ ಪೈಲಟ್, ಹಿಂದೆ ಕಣ್ಣು ಕಾಣದ ಅಥವಾ ಮಂದದೃಷ್ಟಿಯ ಸವಾರ. ಟ್ರ್ಯಾಕ್ ಸೈಕಲ್‌ಗೆ ಬ್ರೇಕ್ ಇರುವುದಿಲ್ಲ. ಚಕ್ರ ತಿರುಗುವಷ್ಟು ಹೊತ್ತು ಪೆಡಲೂ ತಿರುಗುತ್ತದೆ. ಒಬ್ಬರು ತುಳಿದು ಇನ್ನೊಬ್ಬರು ದಣಿವಾರಿಸಿಕೊಳ್ಳುವ ಮಾತೇ ಇಲ್ಲ. ಸ್ಕಾಟ್ಲೆಂಡಿನ ನೀಲ್ ಫೇಚಿ 2008ರ ಬೀಜಿಂಗ್‌ನಲ್ಲಿ ಓಟಗಾರರಾಗಿದ್ದು, ಅಲ್ಲಿ ಪದಕ ಸಿಗದೆ ಸೈಕಲ್ ಏರಿದವರು. 2012ರ ಲಂಡನ್‌ನಲ್ಲಿ ಬಾರ್ನಿ ಸ್ಟೋರಿ ಮುಂದೆ ಕೂತಾಗ ಒಂದು ಕಿಲೋಮೀಟರ್‌ನಲ್ಲಿ ಚಿನ್ನ. ಟೋಕಿಯೊದಲ್ಲಿ ಮ್ಯಾಟ್ ರಾದರ್‌ಹ್ಯಾಮ್ ಜೊತೆ 58.038 ಸೆಕೆಂಡಿನಲ್ಲಿ ಮತ್ತೆ ಚಿನ್ನ. ಇಲ್ಲಿ ಕಣ್ಣಿಡಬೇಕಾದದ್ದು ಮೊದಲ ಹತ್ತು ತುಳಿತಗಳ ಮೇಲೆ. ನಿಂತ ಸೈಕಲ್ಲು ಇಬ್ಬರ ಭಾರಕ್ಕೆ ಅತ್ತಿತ್ತ ತೊನೆಯದೆ ನೇರ ಹೊರಟರೆ ಅರ್ಧ ಗೆದ್ದಂತೆ.

ಇಷ್ಟು ಓದಿದವರು ಒಂದು ಸಂಜೆ ಊರಾಚೆಯ ಖಾಲಿ ಹೊಲಕ್ಕೆ ಗೆಳೆಯನನ್ನು ಕರೆದೊಯ್ಯಿರಿ. ಕಣ್ಣಿಗೆ ಟವೆಲ್ ಕಟ್ಟಿಕೊಂಡು, ಕರವಸ್ತ್ರದ ಒಂದೊಂದು ತುದಿ ಹಿಡಿದು ಇಪ್ಪತ್ತು ಹೆಜ್ಜೆ ಓಡಿ. ಆಮೇಲೆ ಟವೆಲ್ ಅವನಿಗೆ ಕಟ್ಟಿ. ಮೊದಲ ಸರದಿಯಲ್ಲಿ ಹೆದರಿಕೆ ಏನೆಂದು ತಿಳಿಯುತ್ತದೆ. ಎರಡನೆಯದರಲ್ಲಿ, ಬದುವಿನ ಪ್ರತಿ ಕಲ್ಲನ್ನೂ ಇಬ್ಬರ ಪರವಾಗಿ ನೋಡಬೇಕಾದವನ ಕಷ್ಟ ತಿಳಿಯುತ್ತದೆ.