ಹೂಬಳ್ಳಿಯ ಬ್ಯಾಂಡೊಲಿಯರ್

ಎದೆಗೆ ಅಡ್ಡಲಾಗಿ ಗುಂಡುಗಳ ಸಾಲು ಹೊತ್ತ ಪಟ್ಟಿಯೇ ಬ್ಯಾಂಡೊಲಿಯರ್. ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೆ ಬರುವ, ರೆಸಿಸ್ಟರ್‌ಗಳನ್ನು ಸಾಲಾಗಿ ಅಂಟಿಸಿದ ಟೇಪಿಗೂ ಅದೇ ಹೆಸರು. ನಾನು ಮನಸೋತದ್ದು ಮಾತ್ರ ಉತ್ತರ ಅಮೆರಿಕದ ಮಹಾಸರೋವರಗಳ ಸೀಮೆಯ ಒಜಿಬ್ವೆ ಜನಾಂಗದ ಹೆಂಗಸರು 19ನೇ ಶತಮಾನದಲ್ಲಿ ಹೊಲಿದ ಬ್ಯಾಂಡೊಲಿಯರ್ ಚೀಲಕ್ಕೆ. ಆಕಾರ ಸಿಪಾಯಿಯ ಮದ್ದುಚೀಲದ್ದು. ಮೈತುಂಬ ಕಾಡಿನ ಹೂಬಳ್ಳಿ. ಯುರೋಪಿನಿಂದ ಬಂದ ಗಾಜಿನ ಮಣಿಗಳನ್ನು ಒಂದು ದಾರಕ್ಕೆ ಪೋಣಿಸಿ ಬಟ್ಟೆಯ ಮೇಲೆ ಹಾಸುತ್ತಾರೆ. ಇನ್ನೊಂದು ದಾರದಿಂದ ಎರಡು-ಮೂರು ಮಣಿಗೊಮ್ಮೆ ಅಡ್ಡ ಹೊಲಿಗೆ ಹಾಕಿ ಕೂರಿಸುತ್ತಾರೆ. ಎಲೆಯ ಅಂಚು ಬಾಗಿದಲ್ಲೆಲ್ಲ ಮಣಿಸಾಲೂ ನುಣುಪಾಗಿ ಬಾಗುತ್ತದೆ. ಎಂಥ ಕೈ ಅದು! ಕೆಲವು ಚೀಲಗಳಿಗೆ ಜೇಬೇ ಇಲ್ಲ, ತೊಟ್ಟು ಮೆರೆಯುವುದಕ್ಕೇ ಅವು. ಗಣ್ಯರು ಸಮಾರಂಭಗಳಲ್ಲಿ ಎರಡೆರಡು ಚೀಲಗಳನ್ನು ಎದೆಯ ಮೇಲೆ ಕತ್ತರಿಯಂತೆ ಧರಿಸುತ್ತಿದ್ದರು.