ಕಾಡು ಆಲೂಗಡ್ಡೆಗೆ ವಂಶವೃಕ್ಷ ಸಾಲದು

ಜೀವವಿಕಾಸವೆಂದರೆ ಕವಲೊಡೆಯುತ್ತಲೇ ಹೋಗುವ ಮರ ಎಂದು ಶಾಲೆಯಿಂದಲೂ ಕಲಿತಿದ್ದೇವೆ. ಬೇರೆಯಾದ ಕೊಂಬೆಗಳು ಮತ್ತೆ ಕೂಡವು, ಕೂಡಿದರೂ ಆ ಮಿಶ್ರಸಂತಾನ ಬಾಳದು ಎಂಬುದು ಅದರೊಳಗಿನ ನಂಬಿಕೆ. ಬದನೆ ಕುಟುಂಬದ ಕಾಡು ಆಲೂಗಡ್ಡೆಗಳ ಮಟ್ಟಿಗೆ ಈ ನಂಬಿಕೆ ತಪ್ಪು.

ಅಮೆರಿಕದ ನೈಋತ್ಯ ಭಾಗದಿಂದ ಚಿಲಿಯವರೆಗೆ ಹಬ್ಬಿರುವ ಬಹುವಾರ್ಷಿಕ ಗಿಡಗಳಿವು. ಮೇಲಿನ ಗಿಡ ಒಣಗಿದರೂ ನೆಲದೊಳಗಿನ ಗೆಡ್ಡೆಯಿಂದ ಮತ್ತೆ ಚಿಗುರುತ್ತವೆ. 1990ರಲ್ಲಿ ಬ್ರಿಟನ್ನಿನ ಸಸ್ಯವಿಜ್ಞಾನಿ ಜೆ. ಜಿ. ಹಾಕ್ಸ್ ಇನ್ನೂರಕ್ಕೂ ಹೆಚ್ಚು ಪ್ರಭೇದಗಳನ್ನು ಎಣಿಸಿದ್ದರು; ಮುಂದೆ ಇನ್ನೊಬ್ಬ ಸಸ್ಯವಿಜ್ಞಾನಿ ಡೇವಿಡ್ ಸ್ಪೂನರ್ ಮತ್ತು ಸಂಗಡಿಗರು ಅದನ್ನು ಸುಮಾರು 107ಕ್ಕೆ ಇಳಿಸಿದರು. ಹಾಕ್ಸ್ ಅವರ ಕಣ್ಣು ಮಂದವಾಗಿತ್ತೆಂದಲ್ಲ. ಹಲವು ಪ್ರಭೇದಗಳು ಮಿಶ್ರಮೂಲದವೆಂದು ಅವರೇ ಗುರುತಿಸಿದ್ದರು. ಇಷ್ಟು ಬೆರೆಯುವ ಗಿಡಗಳ ನಡುವೆ ಗಟ್ಟಿ ಗಡಿ ಎಳೆಯಲು ಹೊರಟದ್ದೇ ತೊಡಕು.

ಬೆರಕೆ ಇನ್ನೂ ಆಳದ್ದು. ಚಿಲಿಯ ಎಟ್ಯುಬರೋಸಮ್ ಗುಂಪಿನ ಮೂರು ಪ್ರಭೇದಗಳು ನೋಡಲು ಥೇಟ್ ಆಲೂಗಡ್ಡೆ ಗಿಡಗಳೇ. ಕಿತ್ತರೆ ಬುಡದಲ್ಲಿ ಗೆಡ್ಡೆಯಿಲ್ಲ. ಟೊಮೆಟೊಗೂ ಗೆಡ್ಡೆಯಿಲ್ಲ. 2025ರಲ್ಲಿ 'ಸೆಲ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಸುಮಾರು 90 ಲಕ್ಷ ವರ್ಷಗಳ ಹಿಂದೆ ಈ ಎರಡು ಬಳಗಗಳ ಪೂರ್ವಜರು ಕೂಡಿದ್ದರಿಂದ ಆಲೂಗಡ್ಡೆಯ ಬಳಗ ಹುಟ್ಟಿತು. ಗೆಡ್ಡೆ ಕಟ್ಟಲು ಸೂಚನೆ ಕೊಡುವ ಎಸ್‌ಪಿ6ಎ ಜೀನ್ ಬಂದದ್ದು ಟೊಮೆಟೊ ಕಡೆಯಿಂದ; ನೆಲದಡಿಯ ಕಾಂಡದ ಬೆಳವಣಿಗೆಯನ್ನು ನಿಯಂತ್ರಿಸುವ ಐಟಿ1 ಬಂದದ್ದು ಎಟ್ಯುಬರೋಸಮ್ ಕಡೆಯಿಂದ. ಇಬ್ಬರಲ್ಲಿ ಒಬ್ಬರಿಗೂ ಇಲ್ಲದ ಅಂಗ ಮಗುವಿಗೆ ದಕ್ಕಿತು!

ಇದೊಂದು ಅಪವಾದ, ಮರದ ಚಿತ್ರಕ್ಕೆ ಧಕ್ಕೆಯಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಬೆರಕೆಯ ಗುರುತು ಇಡೀ ಬಳಗದ ಜೀನುಗಳಲ್ಲಿ ಹರಡಿಕೊಂಡಿದೆ. ಒಂದು ಜೀನ್ ಟೊಮೆಟೊವನ್ನು ಹತ್ತಿರದ ನಂಟನೆಂದರೆ ಇನ್ನೊಂದು ಎಟ್ಯುಬರೋಸಮ್ ಅನ್ನು ತೋರಿಸುತ್ತದೆ. ಈ ಭಿನ್ನಮತವನ್ನು ಗೊಂದಲವೆಂದು ಬದಿಗಿಟ್ಟು ಬಹುಮತದ ಮರ ಬರೆದರೆ, ಗೆಡ್ಡೆ ಹೇಗೆ ಬಂತು ಎಂಬ ಪ್ರಶ್ನೆಗೆ ಉತ್ತರವೇ ಅಳಿಸಿಹೋಗುತ್ತದೆ.

ಪ್ರಭೇದಗಳ ಎಣಿಕೆ ಇಳಿದಾಗ ವೈವಿಧ್ಯವೇ ಇಳಿಯಿತೆಂದು ತಿಳಿಯುವುದೂ ಇದೇ ತಪ್ಪಿನ ಇನ್ನೊಂದು ಮುಖ. ಹಾಸನದ ಹೊಲಗಳನ್ನೂ ಕಾಡುವ ಅಂಗಮಾರಿ ರೋಗಕ್ಕೆ ತಡೆಯೊಡ್ಡುವ ಜೀನುಗಳನ್ನು ತಳಿವಿಜ್ಞಾನಿಗಳು ಮೆಕ್ಸಿಕೋದ ಸೋಲನಮ್ ಡೆಮಿಸಮ್‌ನಂಥ ಕಾಡುಗಿಡಗಳಿಂದ ಪಡೆದರು. ಆದರೆ ಒಂದೇ ಹೆಸರಿನ ಗಿಡಗಳಲ್ಲೂ ಕೆಲವು ರೋಗ ತಡೆಯುತ್ತವೆ, ಕೆಲವು ಸೋಲುತ್ತವೆ. ಆದ್ದರಿಂದ ಹೆಸರಿಗೊಂದು ಮಾದರಿ ಕೂಡಿಟ್ಟರೆ ಸಾಲದು. ಬೇರೆ ಬೇರೆ ಬೆಟ್ಟಗಳ ಗಿಡಗಳನ್ನೂ, ಯಾವ ಹೆಸರಿಗೂ ಸರಿಯಾಗಿ ಒಗ್ಗದ ನಡುವಿನ ಗಿಡಗಳನ್ನೂ ಜೀನ್ ಬ್ಯಾಂಕುಗಳು ಉಳಿಸಬೇಕು.