ರೇಸ್ ಎಷ್ಟು ಹೊತ್ತಿಗೆ?

ಚೆನ್ನೈನ ಐಲ್ಯಾಂಡ್ ಮೈದಾನದ ಸುತ್ತ ಫಾರ್ಮುಲಾ 4 ಕಾರುಗಳ ರಾತ್ರಿ ರೇಸ್ 2023ರ ಡಿಸೆಂಬರ್ 9 ಮತ್ತು 10ಕ್ಕೆ ನಿಗದಿಯಾಗಿತ್ತು. ಅದೇ ವಾರ ಮಿಚಾಂಗ್ ಚಂಡಮಾರುತ ಊರನ್ನೇ ಮುಳುಗಿಸಿದ್ದರಿಂದ ರೇಸ್ ಮುಂದಕ್ಕೆ ಹೋಯಿತು. ಕೊನೆಗೆ ನಡೆದದ್ದು 2024ರ ಆಗಸ್ಟ್ 31, ಸೆಪ್ಟೆಂಬರ್ 1ರಂದು. ಆಗಲೂ ಶುಕ್ರವಾರದ ಮಳೆ ಬಿಡಲಿಲ್ಲ. ಟ್ರ್ಯಾಕಿಗೆ ವಿಶ್ವ ಮೋಟರ್ ರೇಸಿಂಗ್ ಸಂಸ್ಥೆ ಎಫ್‌ಐಎಯ ಪ್ರಮಾಣಪತ್ರ ಸಿಗುವುದು ತಡವಾಗಿ, ಶನಿವಾರ ಕಾರುಗಳು ಹೊರಬಿದ್ದಾಗ ಸಂಜೆ ಕಳೆದಿತ್ತು.

ರೇಸ್ ವೇಳಾಪಟ್ಟಿ ಹುಡುಕಿಕೊಡಲು ಎಐ ಏಜೆಂಟ್‌ಗಳಿಗೆಂದೇ ಬರೆದ ಪುಟ್ಟ ಸಾಫ್ಟ್‌ವೇರ್‌ಗಳು ಈಗ ಬರುತ್ತಿವೆ. ಅವುಗಳ ಗುಣ ಅಳೆಯಲು ನಾನು ಚೆನ್ನೈನ ಈ ಪ್ರಸಂಗವನ್ನೇ ಮುಂದಿಟ್ಟುಕೊಳ್ಳುತ್ತೇನೆ.

ಇಂಥ ಸಾಫ್ಟ್‌ವೇರ್ ಯಾಕೆ ಬೇಕು? ಭಾಷಾ ಮಾದರಿ ಕಲಿತದ್ದೆಲ್ಲ ಹಳೆಯ ಬರಹದಿಂದ. ಮುಂದಿನ ರೇಸ್ ಯಾವಾಗ ಎಂದು ಕೇಳಿದರೆ ಹೋದ ವರ್ಷದ ತಾರೀಖನ್ನೇ ಧೈರ್ಯವಾಗಿ ಹೇಳಿಬಿಡಬಹುದು. ಹಾಗಾಗಿ ಅದರ ಕೈಗೆ ಒಂದು ಸಲಕರಣೆ ಕೊಡುತ್ತಾರೆ. ಮಾದರಿ ಸರಣಿಯ ಹೆಸರು, ವರ್ಷ ತಿಳಿಸುತ್ತದೆ. ಸಲಕರಣೆ ಹೋಗಿ ಪಟ್ಟಿ ತಂದುಕೊಡುತ್ತದೆ. 2024ರ ನವೆಂಬರ್‌ನಲ್ಲಿ ಆಂಥ್ರಾಪಿಕ್ ಹೊರತಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಈ ಕೊಡುಕೊಳೆಗೆ ಒಂದು ಸಾಮಾನ್ಯ ರೀತಿ ಹಾಕಿಕೊಟ್ಟಿತು.

ಹೊತ್ತಿನ ಲೆಕ್ಕ ಮೊದಲ ಪರೀಕ್ಷೆ. 2025ರ ಫಾರ್ಮುಲಾ ಒನ್ ಮೆಕ್ಸಿಕೊ ರೇಸ್ ಅಲ್ಲಿ ಅಕ್ಟೋಬರ್ 26ರ ಭಾನುವಾರ ಮಧ್ಯಾಹ್ನ 2ಕ್ಕೆ. ನಮಗೆ ಅದು ಸೋಮವಾರ ನಸುಕಿನ 1.30. ಅದೇ ವರ್ಷ ಲಾಸ್ ವೇಗಾಸ್‌ನಲ್ಲಿ ಶನಿವಾರ ರಾತ್ರಿ ಓಡಿದ ಕಾರುಗಳನ್ನು ನಾವು ನೋಡಿದ್ದು ಭಾನುವಾರ ಬೆಳಿಗ್ಗೆ 9.30ಕ್ಕೆ. ತಾರೀಖನ್ನಷ್ಟೇ ಕೊಟ್ಟು ಹೊತ್ತು ಬಿಡುವ ಸಲಕರಣೆ ಚೆನ್ನೈನವರಿಗಾಗಲಿ ಬೆಂಗಳೂರಿನವರಿಗಾಗಲಿ ಪ್ರಯೋಜನಕ್ಕೆ ಬಾರದು.

ಎರಡನೆಯದು ಇದಕ್ಕಿಂತ ಕಷ್ಟದ್ದು. 2024ರ ಬ್ರೆಜಿಲ್ ರೇಸನ್ನು ನೆನೆಯಿರಿ. ಮಳೆಯಿಂದ ಶನಿವಾರದ ಅರ್ಹತಾ ಸುತ್ತು ಭಾನುವಾರ ಬೆಳಿಗ್ಗೆಗೆ ಹೋಯಿತು, ರೇಸ್ ಒಂದೂವರೆ ಗಂಟೆ ಹಿಂದಕ್ಕೆ ಬಂತು. ನಮ್ಮ ಗಡಿಯಾರದಲ್ಲಿ ರಾತ್ರಿ 10.30 ಇದ್ದದ್ದು 9 ಆಯಿತು. ವರ್ಸ್ಟಾಪನ್ 17ನೇ ಸ್ಥಾನದಿಂದ ಹೊರಟು ಗೆದ್ದ ರೇಸ್ ಅದು! ಶನಿವಾರ ಬೆಳಿಗ್ಗೆ ತಂದಿಟ್ಟ ಪಟ್ಟಿಯನ್ನೇ ಸಲಕರಣೆ ಒಪ್ಪಿಸುತ್ತಾ ಕೂತಿದ್ದರೆ, ಅದನ್ನು ನಂಬಿದವರಿಗೆ ಆ ಏರಿಕೆಯ ಬಹುಪಾಲು ತಪ್ಪಿರುತ್ತಿತ್ತು. ಪಟ್ಟಿಯನ್ನು ಎಲ್ಲಿಂದ ತಂದೆ, ಯಾವಾಗ ತಂದೆ ಎಂಬುದನ್ನು ಉತ್ತರದ ಜೊತೆಗೇ ಹೇಳಬೇಕು. ಮೂಲವೇ ಮುಚ್ಚಿಹೋಗುವುದೂ ಉಂಟು. ಫಾರ್ಮುಲಾ ಒನ್ ಮಾಹಿತಿಗೆ ಎಷ್ಟೋ ವರ್ಷ ಎಲ್ಲರೂ ನೆಚ್ಚಿಕೊಂಡಿದ್ದ ಎರ್ಗಾಸ್ಟ್ 2024ರ ಋತುವಿನೊಂದಿಗೆ ನಿಂತಿತು. ಅದರ ಜಾಗಕ್ಕೆ ಜೊಲ್ಪಿಕಾ ಬಂತು.

ನನ್ನ ನಿಜವಾದ ಕಾಳಜಿ ಮಾತ್ರ ಶ್ರೀಪೆರುಂಬುದೂರಿನ ಹತ್ತಿರದ್ದು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ ಶೋಲಾವರಂನ ಹಳೆಯ ವಿಮಾನ ಪಟ್ಟಿಯ ಮೇಲೆ ರೇಸ್ ನಡೆಸಿ, 1990ರಲ್ಲಿ ಇರುಂಗಾಟ್ಟುಕೋಟ್ಟೈನಲ್ಲಿ ಸ್ವಂತ ಟ್ರ್ಯಾಕ್ ಕಂಡಿತು, ಸುತ್ತಳತೆ 3.7 ಕಿಲೋಮೀಟರ್. ಬೆಂಗಳೂರು ಹೆದ್ದಾರಿಗೆ ಹತ್ತಿರ. ಕನ್ನಡದ ಹುಡುಗರು ನಸುಕಿನಲ್ಲೇ ಕಾರು, ಬೈಕು ಹತ್ತಿ ಬಂದುಬಿಡುತ್ತಾರೆ. ಇಲ್ಲಿ ‘ರೇಸ್ ಎಷ್ಟು ಹೊತ್ತಿಗೆ’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಎಲ್‌ಜಿಬಿ ಫಾರ್ಮುಲಾ 4, ಟೂರಿಂಗ್ ಕಾರು ಎಂದು ಒಂದೇ ದಿನ ಹಲವು ವರ್ಗ. ಒಂದೊಂದಕ್ಕೂ ಅಭ್ಯಾಸ, ಅರ್ಹತಾ ಸುತ್ತು, ರೇಸ್ ಬೇರೆ ಬೇರೆ. ಅರ್ಹತಾ ಸುತ್ತು ನೋಡದೆ ರೇಸನ್ನಷ್ಟೇ ನೋಡುವುದು ನನಗೆ ರುಚಿಸದು. ಯಾವ ಹುಡುಗ ಯಾವ ತಿರುವಿನಲ್ಲಿ ತಡವಾಗಿ ಬ್ರೇಕ್ ಒತ್ತುತ್ತಾನೆ ಎಂಬುದು ಅಲ್ಲೇ ಕಣ್ಣಿಗೆ ಬೀಳುವುದು.

ನಾನು ನೋಡಿದ ಸಲಕರಣೆಗಳು ಫಾರ್ಮುಲಾ ಒನ್, ಮೋಟೊ ಜಿಪಿ ಚೆನ್ನಾಗಿ ಬಲ್ಲವು. ಇರುಂಗಾಟ್ಟುಕೋಟ್ಟೈ ಕೇಳಿದರೆ ಖಾಲಿ ಪಟ್ಟಿ ಬರುತ್ತದೆ. ಏಜೆಂಟ್ ಅದನ್ನು ಓದಿಕೊಂಡು ‘ಈ ವಾರ ಚೆನ್ನೈನಲ್ಲಿ ರೇಸ್ ಇಲ್ಲ’ ಎನ್ನುತ್ತದೆ. ಇದು ಸಣ್ಣ ಕೊರತೆಯಲ್ಲ. ಈ ಸರಣಿ ತನ್ನ ಬಳಿ ಇಲ್ಲವೆಂದು ಸಲಕರಣೆ ಬಾಯಿಬಿಟ್ಟು ಹೇಳಿದ್ದರೆ ಹುಡುಗರು ಕ್ಲಬ್ಬಿಗೆ ಒಂದು ಫೋನಾದರೂ ಮಾಡುತ್ತಿದ್ದರು.

ತಪ್ಪೆಲ್ಲ ಸಾಫ್ಟ್‌ವೇರ್ ಬರೆಯುವವರದೂ ಅಲ್ಲ. ನಮ್ಮ ರೇಸ್‌ಗಳ ವೇಳಾಪಟ್ಟಿ ಪೋಸ್ಟರ್, ಪಿಡಿಎಫ್ ರೂಪದಲ್ಲಿ ಹರಿದಾಡಿದರೆ ಯಂತ್ರಕ್ಕೆ ಸಲೀಸಾಗಿ ದಕ್ಕುವುದು ಹೇಗೆ? ಫೋನಿನ ಕ್ಯಾಲೆಂಡರ್‌ಗಳು ಓದುವ ಐಕ್ಯಾಲೆಂಡರ್ ಎಂಬ ಮಾದರಿ 1998ರಿಂದಲೂ ಇದೆ. ಕಾರ್ಯಕ್ರಮ ತಾತ್ಕಾಲಿಕವೋ, ಖಚಿತವೋ, ರದ್ದಾಯಿತೋ ಎಂದು ಗುರುತು ಹಾಕಲು ಅದರಲ್ಲಿ ಜಾಗವಿದೆ. ತಿದ್ದಿದಾಗಲೆಲ್ಲ ಏರುವ ಒಂದು ಸಂಖ್ಯೆಯೂ ಇದೆ. ಮಳೆಗಾಲದ ಚೆನ್ನೈಗೆ ಬೇಕಾದದ್ದು ಇಷ್ಟೇ. ಮುಂದಿನ ಸುತ್ತಿನ ಪೋಸ್ಟರ್ ಜೊತೆಗೆ ಅಂಥ ಒಂದು ಫೈಲನ್ನೂ ಹೊರಡಿಸಬೇಕೆಂದು ರೇಸ್ ನಡೆಸುವವರನ್ನು ಕೇಳಿಕೊಳ್ಳುತ್ತೇನೆ. ಅಭ್ಯಾಸ, ಅರ್ಹತಾ ಸುತ್ತು, ರೇಸ್ ಪ್ರತಿಯೊಂದಕ್ಕೂ ಬೇರೆ ಬೇರೆ ನಮೂದಿರಲಿ.